ದೋಣಿಯಲ್ಲಿ ಕೂತವಳು

ಜನವರಿ 7, ಮಂಗಳವಾರ

ತಲೆ ಡಾಕ್ಟರು ಇವತ್ತು ಕೊನೆಗೂ ನೀರಿಗಿಳಿಯಬಹುದು ಎಂದರು. ಒಡೆದ ರಕ್ತನಾಳಕ್ಕೆ ಹಾಕಿದ ಕ್ಲಿಪ್ಪು ಗಟ್ಟಿಯಾಗಿದೆಯಂತೆ. ವರ್ಷದಿಂದ ಫಿಟ್ಸ್ ಬಂದಿಲ್ಲ, ಮಾತ್ರೆ ಒಂದು ಹೊತ್ತೂ ತಪ್ಪಬಾರದು, ಒಬ್ಬಳೇ ಮಾತ್ರ ಈಜಬಾರದು. ಈ ಕೊನೆಯದನ್ನು ಮೂರು ಸಲ ಹೇಳಿದರು. ಅಮ್ಮ ಅಲ್ಲೇ ಕಣ್ಣೊರೆಸಿಕೊಂಡಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ನವೆಂಬರ್ ತಿಂಗಳನ್ನು ಹುಡುಕುತ್ತಿದ್ದೆ.

ಈ ಪುಸ್ತಕ ವ್ಯಾಯಾಮ ಮಾಡಿಸುವವಳು ಕೊಟ್ಟದ್ದು. ಪ್ರತಿ ಹಾಳೆಯ ಎಡ ಅಂಚಿಗೆ ಕೆಂಪು ಗೆರೆ ಎಳೆದಿದ್ದಾಳೆ. ಗೆರೆ ಕಾಣುವ ತನಕ ಕತ್ತು ತಿರುಗಿಸಿ, ಅಲ್ಲಿಂದ ಬರೆಯಬೇಕು. ಇಲ್ಲದಿದ್ದರೆ ನಾನು ನಡು ಹಾಳೆಯಿಂದ ಶುರು ಮಾಡಿ ಎಲ್ಲ ಸರಿಯಾಗಿದೆ ಎಂದುಕೊಂಡಿರುತ್ತೇನೆ. ಕಣ್ಣಿಗೇನೂ ಆಗಿಲ್ಲ. ಎಡಭಾಗ ಎಂಬುದೊಂದಿದೆ ಎನ್ನುವುದೇ ಮೆದುಳಿಗೆ ಮರೆತುಹೋಗುತ್ತದೆ. ತಟ್ಟೆಯ ಎಡಗಡೆಯ ಅನ್ನ ಹಾಗೇ ಉಳಿದಿರುತ್ತದೆ, ಹೊಟ್ಟೆ ತುಂಬಿಲ್ಲವೆಂದು ನಾನು ಮತ್ತೆ ಬಡಿಸಲು ಹೇಳುತ್ತೇನೆ.

ಮನಸ್ಸಿಗೆ ಬಂದದ್ದನ್ನು ಬರಿ, ಯಾರೂ ನೋಡುವುದಿಲ್ಲ ಎಂದಿದ್ದಾಳೆ. ಸರಿ, ಬರೆಯುತ್ತೇನೆ. ನನ್ನ ತಂಗಿಯ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ.

ಜನವರಿ 19, ಭಾನುವಾರ

ಮರೆವು ಹೆಚ್ಚು, ಅದಕ್ಕೇ ಬರೆದಿಡುತ್ತೇನೆ. ಸಿಟ್ಟು ಆರಿದರೆ ಈ ಹಾಳೆ ತೆಗೆದು ಓದಿಕೊಳ್ಳಬೇಕು.

ಪ್ರತಿ ನವೆಂಬರಿನಲ್ಲಿ ನಮ್ಮ ಈಜು ಸಂಘ ಜಲಾಶಯ ದಾಟಿಸುತ್ತದೆ. ಒಂಬತ್ತು ಕಿಲೋಮೀಟರು, ಅಣೆಕಟ್ಟಿನ ಮೆಟ್ಟಿಲಿಂದ ಆಚೆ ದಡದ ಪಂಪ್‌ಹೌಸಿನವರೆಗೆ. ನಿಯಮ ಒಂದೇ. ಈಜುವವರು ದೋಣಿಯನ್ನು ಮುಟ್ಟಬಾರದು, ದೋಣಿಯಲ್ಲಿರುವವರು ಈಜುವವರನ್ನು ಮುಟ್ಟಬಾರದು. ಕುಡಿಯುವ ನೀರು, ಬಾಳೆಹಣ್ಣು ಎಲ್ಲ ಉದ್ದ ಕೋಲಿನ ತುದಿಯ ಬಟ್ಟಲಿನಲ್ಲಿ ಬರುತ್ತವೆ. ಒಂದು ಬೆರಳು ತಾಗಿದರೂ ಈಜು ರದ್ದು, ಎಲ್ಲಿಂದ ಹೊರಟಿದ್ದೆವೋ ಅಲ್ಲಿಗೆ ಬಂತು.

ಹೋದ ವರ್ಷದ ಹಿಂದಿನ ನವೆಂಬರಿನಲ್ಲಿ ನಾನು ನೀರಿನಲ್ಲಿದ್ದೆ, ದೋಣಿಯಲ್ಲಿ ನನ್ನ ತಂಗಿ ಪೀಪಿ. ಏಳನೇ ಕಿಲೋಮೀಟರಿನ ನಂತರದ್ದು ನನಗೇನೂ ನೆನಪಿಲ್ಲ. ನೆನಪಿರುವುದು ಸಂಘದ ವೀಕ್ಷಕರಾದ ಗಣಿತದ ಮೇಷ್ಟ್ರ ಪುಸ್ತಕಕ್ಕೆ. ಅವರು ದೂರದಲ್ಲಿ ಇನ್ನೊಬ್ಬ ಈಜುಗಾರನ ಹಿಂದಿದ್ದು ದುರ್ಬೀನಿನಲ್ಲಿ ನೋಡಿ ಬರೆದದ್ದು: ‘10.42, ಈಜುಗಾರ್ತಿ ಎಡಕ್ಕೆ ಸುತ್ತುತ್ತಿದ್ದಾರೆ. 10.53, ದೋಣಿಗೆ ಎತ್ತಿಕೊಂಡರು.’

ಹನ್ನೊಂದು ನಿಮಿಷ. ತಲೆಯೊಳಗೆ ರಕ್ತ ಹರಿದು, ಎಡಗೈ ಸತ್ತು, ಬಲಗೈ ಒಂದರಲ್ಲೇ ನಾನು ಗಾಣದೆತ್ತಿನಂತೆ ಸುತ್ತುತ್ತಿದ್ದೆ. ಮೂರು ಮಾರು ದೂರದಲ್ಲಿ ಕೂತು ನನ್ನ ಒಡಹುಟ್ಟಿದವಳು ನೋಡುತ್ತಿದ್ದಳು. ಬೇಗ ಬಂದಿದ್ದರೆ ಎಡಗೈ ಇಷ್ಟು ಹಾಳಾಗುತ್ತಿರಲಿಲ್ಲವೇನೋ ಎಂದು ಆಸ್ಪತ್ರೆಯ ಚಿಕ್ಕ ಡಾಕ್ಟರು ಹೇಳಿದ್ದರು. ‘ಏನೋ’ ಎನ್ನುವುದನ್ನು ನಾನು ಅಂದೇ ಬಿಟ್ಟುಬಿಟ್ಟೆ.

ಫೆಬ್ರವರಿ 11, ಮಂಗಳವಾರ

ನಾನು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಅಂದರೆ, ಆಗಿದ್ದೆ. ಈಗ ಗುಂಡಿ ಆರಿಸುತ್ತೇನೆ.

ಇವತ್ತು ಮಾಲೀಕರು ಮನಸ್ಸು ಕರಗಿ ಕತ್ತರಿಸುವ ಮೇಜಿನ ಹತ್ತಿರ ಬಿಟ್ಟರು. ನಲವತ್ತು ಪದರ ಬಟ್ಟೆ ಹಾಸಿ, ಅಚ್ಚು ಇಟ್ಟು, ಸುಣ್ಣದ ಗೆರೆ ಎಳೆದು, ಯಂತ್ರ ಹಿಡಿದು ಕತ್ತರಿಸಿದೆ. ಒಂದು ಎಳೆ ಅತ್ತಿತ್ತ ಆಗಲಿಲ್ಲ. ಹಳೇ ಕೈ ಮರಳಿ ಬಂತು ಎಂದು ಒಳಗೊಳಗೇ ಹಿಗ್ಗಿದೆ. ಹೊಲಿಯುವ ಹುಡುಗಿಯರು ಗುಸುಗುಸು ಶುರು ಮಾಡಿದ ಮೇಲೆ ಗೊತ್ತಾಯಿತು, ನಲವತ್ತು ಅಂಗಿಗೂ ಎಡ ತೋಳಿಲ್ಲ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾಲೀಕರು ‘ಹೋಗ್ಲಿ ಬಿಡಮ್ಮ, ಆಗುತ್ತೆ’ ಎಂದು ಚಹಾ ತರಿಸಿದರು. ನಲವತ್ತು ತೋಳುಗಳ ಪಾಪವೂ ಪೀಪಿಯ ತಲೆಗೇ.

ಮಾರ್ಚ್ 3, ಸೋಮವಾರ

ಪೀಪಿಗೆ ಫೋನ್ ಮಾಡಿದೆ. ಚಿಕ್ಕಂದಿನಲ್ಲಿ ಅವಳು ಅತ್ತರೆ ಜಾತ್ರೆ ಪೀಪಿ ಊದಿದ ಹಾಗೆ ಕೇಳುತ್ತಿತ್ತು, ಆ ಹೆಸರೇ ನಿಂತುಹೋಯಿತು. ಈಗ ಅವಳು ಕಾರು ಕಲಿಸುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಅವಳ ಕಾಲಿಗೂ ಒಂದು ಬ್ರೇಕ್ ಇರುತ್ತದೆ. ದಿನಕ್ಕೆ ಎಂಟು ಗಂಟೆ ಗುರುತು ಪರಿಚಯವಿಲ್ಲದವರಿಗಾಗಿ ಬ್ರೇಕ್ ಒತ್ತುವವಳಿಗೆ ಸ್ವಂತ ಅಕ್ಕನಿಗೆ ಒತ್ತಬೇಕೆಂದು ಹೊಳೆಯಲಿಲ್ಲ.

‘ನವೆಂಬರಲ್ಲಿ ಮತ್ತೆ ದಾಟ್ತೀನಿ. ದೋಣಿಯಲ್ಲಿ ನೀನೇ ಕೂರ್ಬೇಕು’ ಎಂದೆ.

ಅತ್ತ ಅವಳು ಯಾರಿಗೋ ಗಾಡಿ ಪಕ್ಕಕ್ಕೆ ಹಾಕಲು ಹೇಳಿದಳು.

‘ಬೇರೆ ಯಾರೂ ಸಿಗ್ಲಿಲ್ವಾ ಅಕ್ಕ?’

‘ಸಿಗ್ತಾರೆ. ನನಗೆ ನೀನೇ ಬೇಕು.’

‘ಸರಿ. ಭಾನುವಾರ ನನಗೆ ಪಾಠ ಇರಲ್ಲ. ಅಭ್ಯಾಸಕ್ಕೂ ಬರ್ತೀನಿ.’

ಇಷ್ಟು ಸಲೀಸಾಗಿ ಒಪ್ಪಿಕೊಳ್ಳಬಾರದಿತ್ತು. ಬೇಡ ಎನ್ನಬೇಕಿತ್ತು, ಅಳಬೇಕಿತ್ತು. ಆಗ ನಾನು ಹಠ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ಇರಲಿ. ಅದೇ ದೋಣಿಯಲ್ಲಿ, ಅದೇ ಹಲಗೆಯ ಮೇಲೆ ಕೂರಿಸಿ, ಒಂಬತ್ತು ಕಿಲೋಮೀಟರೂ ಪ್ರಾಣ ಬಾಯಿಗೆ ಬರುವ ಹಾಗೆ ಮಾಡುತ್ತೇನೆ.

ಏಪ್ರಿಲ್ 10, ಗುರುವಾರ

ಈಜುಕೊಳ. ಎಡಗೈ ನೀರನ್ನು ಹಿಡಿಯುವುದೇ ಇಲ್ಲ, ಸವರಿಕೊಂಡು ಹೋಗುತ್ತದೆ. ನೆಟ್ಟಗೆ ಹೋಗುತ್ತಿದ್ದೇನೆಂದು ಪ್ರಮಾಣ ಮಾಡಿ ಹೇಳಬಲ್ಲೆ, ಅಷ್ಟರಲ್ಲಿ ಎಡಗಡೆಯ ಹಗ್ಗಕ್ಕೆ ಹಣೆ ಬಡಿಯುತ್ತದೆ. ಇವತ್ತು ಒಂಬತ್ತು ಸಲ ಬಡಿಯಿತು. ಪಕ್ಕದ ಸಾಲಿನಲ್ಲಿ ತೋಳಿಗೆ ಗಾಳಿಚೀಲ ಕಟ್ಟಿಕೊಂಡ ಮಗು ನನ್ನನ್ನು ಹಿಂದೆ ಹಾಕಿತು.

ಹತ್ತನೇ ಸಲ ಹೊರಟಾಗ ಅವಳ ಮುಖ ನೆನೆಸಿಕೊಂಡೆ. ಬಡಿಯಲಿಲ್ಲ.

ಮೇ 25, ಭಾನುವಾರ

ಜಲಾಶಯದಲ್ಲಿ ಮೊದಲ ದಿನ. ಪೀಪಿ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ಹಾಕಿಕೊಂಡು ಕುಂಬಳಕಾಯಿಯಂತೆ ಕೂತಿದ್ದಳು. ಅವಳಿಗೆ ಈಜು ಬಾರದು. ಮೊಣಕಾಲಿನ ಮೇಲೆ ನೀರು ಬಂದರೆ ಇವತ್ತಿಗೂ ಕಿರುಚುತ್ತಾಳೆ. ಅಂಥವಳನ್ನು ಅವತ್ತು ದೋಣಿಗೆ ಹತ್ತಿಸಿದ್ದು ನಾನೇ, ಬೇರೆಯವರು ಕೊನೆಗಳಿಗೆಯಲ್ಲಿ ಕೈಕೊಡುತ್ತಾರೆಂದು.

ಹಿಂದೆಲ್ಲ ದೋಣಿ ನನ್ನ ಎಡಕ್ಕಿರುತ್ತಿತ್ತು. ಇವತ್ತು ಅವಳು ದೋಣಿಯವನಿಗೆ ಹೇಳಿ ಬಲಕ್ಕೆ ತರಿಸಿದಳು.

‘ಯಾಕೆ?’ ಎಂದೆ.

‘ಎಡಕ್ಕಿದ್ರೆ ನೀನು ನನ್ನ ನೋಡೋದೇ ಇಲ್ಲ. ನಾನು ಓದ್ಕೊಂಡ್ ಬಂದಿದೀನಿ.’

ಎಲ್ಲ ಗೊತ್ತಿರುವವಳಂತೆ ಆಡುತ್ತಾಳೆ. ಹೊಟ್ಟೆ ಉರಿಯಿತು. ಆದರೆ ಎರಡು ಕಿಲೋಮೀಟರು ಹೆಚ್ಚುಕಡಿಮೆ ನೆಟ್ಟಗೆ ಹೋದೆ. ಬಲಕ್ಕೆ ಉಸಿರು ತೆಗೆದಾಗಲೆಲ್ಲ ಆ ಕುಂಬಳಕಾಯಿ ಕಾಣುತ್ತಿತ್ತು. ಅದು ದೂರವಾದರೆ ನಾನು ಎಡಕ್ಕೆ ಎಳೆದಿದ್ದೇನೆ ಎಂದರ್ಥ.

ಜುಲೈ 13, ಭಾನುವಾರ

ನಾಲ್ಕು ಕಿಲೋಮೀಟರು. ಭುಜ ಸುಡುತ್ತಿದೆ.

ಬರೀ ಕೂರಿಸಿ ನೋಡಿಸಿದರೆ ಸಾಲದು ಎಂದು ಇವತ್ತು ನೀರಿನಲ್ಲಿದ್ದಾಗಲೇ ಹೊಳೆಯಿತು. ಅವಳು ಈಗೀಗ ನೆಮ್ಮದಿಯಾಗಿದ್ದಾಳೆ. ದೋಣಿಯವನ ಜೊತೆ ಹರಟೆ ಹೊಡೆಯುತ್ತಾಳೆ, ಕೋಲಿನ ತುದಿಯಲ್ಲಿ ಬಟ್ಟಲು ಕೊಡುವಾಗ ‘ಮೇಡಂ, ಬಿಸಿನೀರು, ಜೇನುತುಪ್ಪ, ಇನ್ನೇನಾದ್ರೂ ಬೇಕಾ’ ಎಂದು ಹೋಟೆಲಿನವರಂತೆ ಕೇಳುತ್ತಾಳೆ. ನಾನು ನಕ್ಕು ನೀರು ಕುಡಿದೆ. ಮನೆಗೆ ಬಂದ ಮೇಲೆ, ನಕ್ಕದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಆದ್ದರಿಂದ ಹೀಗೆ. ಎಂಟನೇ ಕಿಲೋಮೀಟರು ದಾಟಿ, ಹಿಂದೆ ಆದ ಜಾಗದಲ್ಲೇ, ನಾನು ಎಡಗೈ ಬಿಟ್ಟು ಸುತ್ತು ಹೊಡೆಯುತ್ತೇನೆ. ನಾಟಕ. ಒಂದು ಸುತ್ತು, ಎರಡು ಸುತ್ತು. ಅವಳು ದೋಣಿಯ ಅಂಚು ಹಿಡಿದು ಒದ್ದಾಡಲಿ. ಮುಟ್ಟಲೋ ಬಿಡಲೋ, ಮುಟ್ಟಲೋ ಬಿಡಲೋ. ನಾನು ಬಲಕ್ಕೆ ಉಸಿರೆಳೆಯುತ್ತಾ ಅವಳ ಮುಖ ಕಣ್ತುಂಬ ನೋಡಿದ ಮೇಲೆ ನೆಟ್ಟಗಾಗಿ ದಡಕ್ಕೆ ಹೋಗುತ್ತೇನೆ. ಎಷ್ಟು ಹೊತ್ತು ಸುಮ್ಮನೆ ಕೂರುತ್ತಾಳೆ ಎಂದು ಎಣಿಸುತ್ತೇನೆ. ಅವತ್ತು ಎಣಿಸಲು ನನಗೆ ಆಗಿರಲಿಲ್ಲವಲ್ಲ.

ಅವಳು ಮುಟ್ಟುವುದಿಲ್ಲ, ಅದು ನನಗೆ ಗೊತ್ತು.

ಆಗಸ್ಟ್ 22, ಶುಕ್ರವಾರ

ನೋಂದಣಿಗೆ ಗಣಿತದ ಮೇಷ್ಟ್ರ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ಒಂದು ಗೋಡೆ ಪೂರ್ತಿ ಫೈಲುಗಳು. ಡಾಕ್ಟರ ಚೀಟಿಯನ್ನು ಎರಡೆರಡು ಸಲ ಓದಿದರು. ಹಳೆಯ ಅರ್ಜಿ ನೋಡಿ ವಿವರ ಭರ್ತಿ ಮಾಡೋಣ ಎಂದು ನನ್ನ ಫೈಲು ತೆಗೆದರು.

ಹಳೆಯ ಅರ್ಜಿಯ ಕೊನೆಯಲ್ಲಿ ‘ದೋಣಿಯವರಿಗೆ ಸೂಚನೆ’ ಎಂಬ ಜಾಗವಿದೆ. ಅಲ್ಲಿ ನನ್ನ ಅಕ್ಷರ. ಗುಂಡಗೆ, ಸಾಲಾಗಿ, ಎಡ ಅಂಚಿನಿಂದಲೇ ಶುರುವಾದ ಅಕ್ಷರ. ‘ನಾನೇ ಬೇಡಿಕೊಂಡರೂ ನನ್ನನ್ನು ಮುಟ್ಟಕೂಡದು. ಈ ಸಲವೂ ಮುಟ್ಟಿದರೆ ನಮ್ಮಿಬ್ಬರ ಸಂಬಂಧ ಅಲ್ಲಿಗೆ ಮುಗಿಯಿತು.’ ಕೆಳಗೆ ನನ್ನ ಸಹಿ, ಅದರ ಕೆಳಗೆ ಅವಳ ಸಹಿ.

‘ಇದು ಬರೆದಿದ್ದು ನೆನಪಿಲ್ವೇನಮ್ಮ?’ ಎಂದರು ಮೇಷ್ಟ್ರು.

‘ಇಲ್ಲ ಸಾರ್.’

‘ಹೋಗ್ಲಿ. ಈ ಸಲ ಏನು ಬರೀತೀಯಾ?’

‘ಖಾಲಿ ಬಿಡಿ’ ಎಂದೆ.

‘ಈ ಸಲವೂ’ ಎಂದರೆ ಏನೆಂದು ನನಗೆ ಗೊತ್ತು, ಅದು ಮರೆತಿಲ್ಲ. ಅದಕ್ಕೂ ಹಿಂದಿನ ವರ್ಷ ಮೊದಲ ಸಲ ದಾಟಲು ಹೋದಾಗ ಆರನೇ ಕಿಲೋಮೀಟರಿನಲ್ಲಿ ಕಾಲು ಹಿಡಿದುಕೊಂಡಿತು. ನಾನು ಕಿರುಚಿದೆ. ಅವಳು ಹೆದರಿ ಭುಜ ಹಿಡಿದಳು, ಈಜು ರದ್ದಾಯಿತು. ಎರಡು ನಿಮಿಷ ಬಿಟ್ಟಿದ್ದರೆ ಕಾಲು ತಾನೇ ಸರಿಹೋಗುತ್ತಿತ್ತು. ಐದು ತಿಂಗಳು ನಾನು ಅವಳ ಜೊತೆ ಮಾತು ಬಿಟ್ಟಿದ್ದೆ. ಅಮ್ಮ ನಡುವೆ ನಿಂತು ಇಬ್ಬರ ಮಾತನ್ನೂ ಅತ್ತಿಂದಿತ್ತ ದಾಟಿಸುತ್ತಿದ್ದಳು.

ಅದು ಬೇರೆ ವಿಷಯ. ಬರೆದುಕೊಟ್ಟರೇನಾಯಿತು? ಕಾಗದ ಓದುವುದಕ್ಕೆ ಕೂರಿಸಿದ್ದೆನೇ, ನನ್ನನ್ನು ನೋಡುವುದಕ್ಕೆ ಕೂರಿಸಿದ್ದೆನೇ? ಕಣ್ಣಿರಲಿಲ್ಲವೇ ಅವಳಿಗೆ?

ಆ ಅರ್ಜಿಯನ್ನು ನಾನು ನೋಡಬಾರದಿತ್ತು.

ಸೆಪ್ಟೆಂಬರ್ 14, ಭಾನುವಾರ

ಆರು ಕಿಲೋಮೀಟರು. ಗಾಳಿ ಜೋರಿತ್ತು, ಅಲೆ ಬಲಗಡೆಯಿಂದ. ನಡುವೆ ಒಮ್ಮೆ ಎಷ್ಟು ಸಲ ಉಸಿರೆಳೆದರೂ ಕಿತ್ತಳೆ ಬಣ್ಣ ಕಾಣಲಿಲ್ಲ. ನಿಂತು ತೇಲುತ್ತಾ ‘ಪೀಪೀ’ ಎಂದು ಕೂಗಿದೆ. ‘ಇಲ್ಲೇ ಇದೀನಿ ಅಕ್ಕ, ಅಲೆ ಹಿಂದೆ ಇದೀನಿ’ ಎಂದಳು.

ಸೇಡು ತೀರಿಸಿಕೊಳ್ಳಬೇಕಾದರೆ ಅವಳು ಅಲ್ಲಿರಬೇಕು ತಾನೇ. ಅದಕ್ಕೇ ಕೂಗಿದ್ದು.

ದಡದಲ್ಲಿ ಅವಳು ನನ್ನ ಎಡಗೈಗೆ ಟವೆಲು ಸುತ್ತುವಾಗ ಅದನ್ನು ಎರಡು ಸಲ ಕೆಳಗೆ ಬೀಳಿಸಿದಳು. ‘ಚಳಿಯಾ?’ ಎಂದೆ. ‘ಹೂಂ, ಚಳಿ’ ಎಂದಳು. ಬಿಸಿಲು ನೆತ್ತಿ ಸುಡುತ್ತಿತ್ತು.

ಅಕ್ಟೋಬರ್ 5, ಭಾನುವಾರ

ಏಳೂವರೆ ಕಿಲೋಮೀಟರು. ಮಾಲೀಕರು ನಿನ್ನೆ ಮತ್ತೆ ಕತ್ತರಿಸುವ ಮೇಜು ಕೊಟ್ಟರು. ಎರಡೂ ತೋಳು ಬಂದವು.

ನವೆಂಬರ್ 15, ಶನಿವಾರ

ನಾಳೆ.

ಮಧ್ಯಾಹ್ನ ಪೀಪಿ ಬಂದು ಬಟ್ಟಲು, ಕೋಲು, ಟೋಪಿ, ಮೈಗೆ ಹಚ್ಚುವ ಗ್ರೀಸು ಎಲ್ಲ ಜೋಡಿಸಿಟ್ಟು ಹೋದಳು. ನನ್ನ ಮಾತ್ರೆಯನ್ನೂ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ, ಸಮಯ ಬರೆದು ಅಂಟಿಸಿದ್ದಾಳೆ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು.

‘ಅಕ್ಕ, ಈ ಸಲ ನಿನ್ನ ಸೂಚನೆ ಏನು? ಮೇಷ್ಟ್ರು ಖಾಲಿ ಇದೆ ಅಂದ್ರು.’

‘ಏನಿಲ್ಲ. ನಿನಗೆ ಸರಿ ಕಂಡಿದ್ದು ಮಾಡು.’

ಅವಳ ಮುಖ ನೋಡಬೇಕಿತ್ತು. ಬಣ್ಣವೇ ಇಳಿದುಹೋಯಿತು. ಈ ಹನ್ನೊಂದು ತಿಂಗಳಲ್ಲಿ ನಾನು ಅವಳಿಗೆ ಕೊಟ್ಟ ಏಟುಗಳಲ್ಲಿ ಇದೇ ಸರಿಯಾಗಿ ಬಿದ್ದದ್ದು. ಚಪ್ಪಲಿ ಹಾಕಿಕೊಂಡು ಹೋದಳು.

ಅಮ್ಮ ಅಡುಗೆಮನೆಯಿಂದಲೇ ಹೇಳಿದಳು: ‘ಅವಳಿಗೆ ಅಷ್ಟು ಗೋಳು ಕೊಡಬೇಡ ಕಣೇ. ಅವಳೂ ನನ್ನ ಹೊಟ್ಟೇಲೇ ಹುಟ್ಟಿದ್ದು.’

ನಾನೇನು ಮಾಡಿದೆ? ಏನೂ ಬೇಡ ಎಂದೆ, ಅಷ್ಟೇ.

ನವೆಂಬರ್ 16, ಭಾನುವಾರ

ಬಲಗೈಯೂ ಮೇಲೇಳುತ್ತಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಏಳಕ್ಕೆ ಇಳಿದೆ. ನೀರು ತಣ್ಣಗೆ, ಗಾಳಿಯಿಲ್ಲ. ಮೇಷ್ಟ್ರ ದೋಣಿ ಈ ಸಲ ನನ್ನ ಹಿಂದೆಯೇ ಇತ್ತು. ಮೊದಲ ನಾಲ್ಕು ಕಿಲೋಮೀಟರು ಹೇಗೆ ಹೋಯಿತೋ ತಿಳಿಯಲಿಲ್ಲ. ಐದರಲ್ಲಿ ಎಡಭುಜ ಮಾತು ಕೇಳಲಿಲ್ಲ. ಪೀಪಿ ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು: ‘ಅರ್ಧ ಆಯ್ತು. ಮುಖ ಗಂಟು ಹಾಕ್ಬೇಡ.’ ಏಳು ದಾಟಿದ್ದು ನನಗೆ ಗೊತ್ತಾಯಿತು, ಏಕೆಂದರೆ ಅದರಾಚೆಯ ನೀರು ನನಗೆ ಹೊಸದು. ಪಂಪ್‌ಹೌಸಿನ ಬಿಳಿ ಗೋಡೆ, ಅದರ ಕಿಟಕಿ, ಕಿಟಕಿಯ ಸರಳು ಕೂಡ ಕಾಣತೊಡಗಿತು. ಅಷ್ಟು ಹತ್ತಿರ. ಇದನ್ನೆಲ್ಲ ನಾನು ಹಿಂದೆ ನೋಡಿದ್ದಿರಬೇಕು, ನೆನಪಿಲ್ಲ.

ಎಂಟು. ಎಂಟು ದಾಟಿ ಸ್ವಲ್ಪ. ಸುಮ್ಮನೆ ಹೋಗಿಬಿಡೋಣ ಎಂದು ಒಂದು ಗಳಿಗೆ ಅನಿಸಿತು. ಕೈಗಳೆರಡೂ ಸರಿಯಾಗಿ ಬೀಳುತ್ತಿದ್ದವು. ಆದರೆ ಹನ್ನೊಂದು ತಿಂಗಳು ಕಾಯ್ದುಕೊಂಡು ಬಂದದ್ದನ್ನು ಹಾಗೇ ಬಿಡುವುದು ಹೇಗೆ? ಎಡಗೈ ಬಿಟ್ಟೆ. ತಲೆ ತಗ್ಗಿಸಿ ಸುತ್ತಲು ಶುರು ಮಾಡಿದೆ. ಒಂದು, ಎರಡು ಎಂದು ಎಣಿಸಿದೆ. ಮೂರಕ್ಕೆ ಬಲಕ್ಕೆ ಉಸಿರೆಳೆದು ದೋಣಿ ನೋಡಿದರೆ ಅವಳು ಕೂತಿದ್ದ ಹಲಗೆ ಖಾಲಿ.

ನಾಲ್ಕು ಎನ್ನುವಷ್ಟರಲ್ಲಿ ಅವಳು ನನ್ನ ಮೇಲೆ ಬಿದ್ದಳು. ಕತ್ತು, ಟೋಪಿ, ಕೂದಲು, ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡಳು. ಅವಳ ಮೂಗು ಬಾಯಿಗೆಲ್ಲ ನೀರು ನುಗ್ಗಿ, ಕೆಮ್ಮುತ್ತಾ, ಕಾಲು ಬಡಿಯುತ್ತಾ, ಬಿಡದೆ ಹಿಡಿದಿದ್ದಳು. ಜಾಕೆಟ್ ಇಲ್ಲದಿದ್ದರೆ ಅವಳೂ ಮುಳುಗಿ ನನ್ನನ್ನೂ ಮುಳುಗಿಸುತ್ತಿದ್ದಳು.

ಮೇಷ್ಟ್ರು ಕೆಂಪು ಬಾವುಟ ಎತ್ತಿದರು. ದಡಕ್ಕೆ ಏಳುನೂರು ಮೀಟರು ಉಳಿದಿತ್ತು.

ದೋಣಿಯಲ್ಲಿ ಇಬ್ಬರಿಗೂ ಹೊದಿಕೆ ಹೊದಿಸಿ ಕೂರಿಸಿದ ಮೇಲೆ ಮೇಷ್ಟ್ರು ಪಕ್ಕಕ್ಕೆ ಬಂದು ಪುಸ್ತಕ ತೆರೆದರು.

‘ಅಪಾಯ ಇತ್ತೇನಮ್ಮ?’ ಎಂದು ಪೀಪಿಯನ್ನು ಕೇಳಿದರು.

‘ಇಲ್ಲ ಸಾರ್. ಚೆನ್ನಾಗೇ ಈಜ್ತಿದ್ಲು.’

‘ಮತ್ತೆ ಯಾಕೆ ಮುಟ್ಟಿದೆ?’

‘ನನ್ನ ತಪ್ಪು. ಹಾಗೇ ಬರ್ಕೊಳ್ಳಿ ಸಾರ್.’

ಅವರು ಬರೆದುಕೊಂಡರು. ನಾನು ಪಕ್ಕದಲ್ಲೇ ಕೂತಿದ್ದೆ.

ನವೆಂಬರ್ 17, ಸೋಮವಾರ

ಬೆಳಿಗ್ಗೆ ಎದ್ದಾಗ ಖುಷಿಯಾಗಬೇಕಿತ್ತು. ನೆನೆಸಿದ್ದಕ್ಕಿಂತ ಹೆಚ್ಚೇ ಆಗಿದೆ. ನೀರು ಕಂಡರೆ ಕಿರುಚುವವಳು ನಡು ಜಲಾಶಯದಲ್ಲಿ ಒದ್ದಾಡಿದಳು, ಸಂಘದ ಪುಸ್ತಕದಲ್ಲಿ ತಪ್ಪು ಅವಳ ಹೆಸರಿಗೇ ಬಿತ್ತು. ಅಷ್ಟಕ್ಕೆ ನನ್ನ ಒಂಬತ್ತು ಕಿಲೋಮೀಟರು ಹೋಯಿತು, ಹೋಗಲಿ. ಏಳುನೂರು ಮೀಟರು. ಕಿಟಕಿಯ ಸರಳು ಕಾಣುತ್ತಿತ್ತು.

ಹನ್ನೊಂದು ಗಂಟೆಗೆ ಅವಳೇ ಬಂದಳು. ಕೆಲಸಕ್ಕೆ ರಜೆ ಹಾಕಿದ್ದಾಳೆ, ಮೂಗು ಸೋರುತ್ತಿದೆ. ಅಮ್ಮ ನಮ್ಮಿಬ್ಬರನ್ನೂ ಬಿಟ್ಟು ಬೇಕೆಂದೇ ಮಹಡಿಗೆ ಬಟ್ಟೆ ಒಣಹಾಕಲು ಹೋದಳು.

‘ನಾಟಕ ಅದು’ ಎಂದೆ. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

‘ಗೊತ್ತಿತ್ತು.’

‘ಗೊತ್ತಿತ್ತಾ?’

‘ನಿಜವಾಗ್ಲೂ ಆದಾಗ ನಿನ್ನ ಬಲಗೈ ಹೇಗೆ ಬೀಳ್ತಿತ್ತು ಅಂತ ನನಗಿಂತ ಚೆನ್ನಾಗಿ ಯಾರಿಗ್ ಗೊತ್ತು ಅಕ್ಕ? ಹನ್ನೊಂದು ನಿಮಿಷ ನೋಡಿದೀನಿ. ನಿನ್ನೆ ಹಾಗೆ ಬೀಳ್ತಿರ್ಲಿಲ್ಲ. ನೀನು ಎಣಿಸ್ತಾ ಇದ್ದೆ, ತುಟಿ ಅಲ್ಲಾಡ್ತಿತ್ತು.’

‘ಮತ್ತೆ ಯಾಕೆ ಹಾರಿದೆ? ಸಾಯ್ತಿದ್ದೆಯಲ್ಲೇ! ಏಳುನೂರು ಮೀಟರ್ ಉಳಿದಿತ್ತು ಕಣೇ!’ ನನ್ನ ದನಿ ಏರಿತು.

ಅವಳು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡಳು.

‘ಇನ್ನೊಂದ್ ಸಲ ಕೂತ್ಕೊಂಡು ನೋಡಕ್ಕಾಗ್ಲಿಲ್ಲ. ನಾಟಕ ಆದ್ರೂ. ನಿಯಮ ಪಾಲಿಸಿದ ತಪ್ಪನ್ನ ಎರಡು ವರ್ಷ ಹೊತ್ಕೊಂಡಿದೀನಿ ಅಕ್ಕ. ಮುರಿದ ತಪ್ಪು ಅದಕ್ಕಿಂತ ಹಗುರ. ನಿನ್ನೆ ನನಗೆ ನಿದ್ದೆ ಬಂತು.’

ಆಮೇಲೆ ಎದ್ದು, ಚಪ್ಪಲಿ ಹಾಕಿಕೊಳ್ಳುತ್ತಾ, ‘ಈ ಸಲ ಎಷ್ಟು ತಿಂಗಳು ಮಾತು ಬಿಡ್ತೀಯಾ, ಈಗ್ಲೇ ಹೇಳ್ಬಿಡು. ಅಮ್ಮನಿಗೆ ಹೇಳಿಟ್ಟಿರ್ಬೇಕು’ ಎಂದಳು. ಗೇಟು ಹಾಕಿಕೊಂಡು ಹೋದಳು.

ಮಧ್ಯಾಹ್ನವೆಲ್ಲ ಮನೆ ತುಂಬ ಓಡಾಡಿದೆ. ಮೇಷ್ಟ್ರಿಗೆ ಫೋನ್ ಮಾಡಿ, ತಪ್ಪು ಅವಳದಲ್ಲ, ಹೆಸರು ಬದಲಿಸಿ ಎಂದೆ. ನಾಟಕದ ವಿಷಯ ಕೇಳಿ ಅವರು, ಮೂರು ವರ್ಷ ನನ್ನನ್ನು ಸಂಘದಿಂದ ಹೊರಗಿಡಬೇಕಾಗುತ್ತದೆ ಎಂದರು. ಇಡಿ ಎಂದೆ.

ನನ್ನ ಸಿಟ್ಟು ಇನ್ನೂ ಹೋಗಿಲ್ಲ. ನನ್ನ ನಾಟಕ ಗೊತ್ತಿದ್ದೂ ನನ್ನ ಈಜು ಕೆಡಿಸಿದಳಲ್ಲ, ಅದಕ್ಕೆ ಬೇರೆಯೇ ಸಿಟ್ಟು. ಸೇಡು ತೀರಿತು, ಅದರಲ್ಲಿ ನನಗೆ ಮೂರು ವರ್ಷ ಹೋಯಿತು. ಎಂಥ ಕೆಲಸ ಮಾಡಿಬಿಟ್ಟೆ ಎಂದು ಯಾರ ಹತ್ತಿರವಾದರೂ ಕೂತು ಹೇಳಿಕೊಳ್ಳಬೇಕು. ಮಧ್ಯಾಹ್ನದಿಂದ ಯೋಚಿಸುತ್ತಿದ್ದೇನೆ, ಅದನ್ನು ಹೇಳಿಕೊಳ್ಳಲು ನನಗಿರುವುದು ಅವಳೊಬ್ಬಳೇ.